ಇಬ್ಬರ ದೋಣಿಗೆ ಹತ್ತಾರು ಕೈ

ಸರಕು ಹೊತ್ತು ಸವೆದ ಹಳೆಯ ದೋಣಿಯೊಂದನ್ನು ದುರಸ್ತಿ ಮಾಡಿ ಅದರಲ್ಲೇ ಸಂಸಾರ ಹೂಡಿದರು ಒಬ್ಬ ಎಂಜಿನಿಯರ್ ಮತ್ತು ಅವರ ಹೆಂಡತಿ. ಆ ಹುಚ್ಚಿನಿಂದ ಇಂಗ್ಲೆಂಡಿನ ಕಾಲುವೆಗಳೇ ಉಳಿದುಕೊಂಡವು. ಹಳೆಯ ದೋಣಿಯ ಕೆಲಸ ಎಂಥದ್ದು, ಅದಕ್ಕೆ ನಾಲ್ಕು ಜನ ಏಕೆ ಬೇಕು ಎಂಬುದಕ್ಕೂ ಇಲ್ಲಿ ಉತ್ತರವಿದೆ.

ಟಾಮ್ ರೋಲ್ಟ್ ಮತ್ತು ಏಂಜೆಲಾ ಆರೆಡ್ 1939ರ ಜುಲೈ 11ರಂದು ಗುಟ್ಟಾಗಿ ಮದುವೆಯಾದರು. ಹುಡುಗಿಯ ತಂದೆಗೆ ಈ ಸಂಬಂಧ ಸುತರಾಂ ಇಷ್ಟವಿರಲಿಲ್ಲ. ಹೆಣ್ಣು ಹೆತ್ತವರು ಸಲೀಸಾಗಿ ಒಪ್ಪುವಂಥ ವರ ರೋಲ್ಟ್ ಆಗಿರಲೂ ಇಲ್ಲ ಅನ್ನಿ. ಕೆಲಸ ಕಲಿತಿದ್ದ ರೈಲು ಎಂಜಿನ್ ಕಾರ್ಖಾನೆ ದಿವಾಳಿಯಾಗಿ ಬಾಗಿಲು ಹಾಕಿತ್ತು. ಆಮೇಲೆ ಪಾಲುದಾರರ ಜೊತೆ ಸೇರಿ ಹಳೆಯ ಕಾರುಗಳ ಗ್ಯಾರೇಜು ನಡೆಸಿದರು. ಏಂಜೆಲಾ ಪರಿಚಯವಾದದ್ದೂ ಆ ಗ್ಯಾರೇಜಿನಲ್ಲೇ. ಆಕೆ ತಮ್ಮ ಆಲ್ಫಾ ರೋಮಿಯೋ ಕಾರನ್ನು ಓಡಿಸಿಕೊಂಡು ಬಂದಿದ್ದರು. ಈಗ ಗ್ಯಾರೇಜನ್ನೂ ಬಿಟ್ಟು, ಕಾಲುವೆಯ ಮೇಲೆ ದೋಣಿಯಲ್ಲಿ ಇರುತ್ತೇನೆ, ಬರೆದು ಹೊಟ್ಟೆ ಹೊರೆಯುತ್ತೇನೆ ಎಂದು ವರ ಹೊರಟಿದ್ದರು.

ಮದುವೆಯಾದ ಎರಡು ವಾರಕ್ಕೆ ದೋಣಿಯ ಕೆಲಸ ಮುಗಿಯಿತು. ಜುಲೈ 27ರಂದು ದಂಪತಿ ಆಕ್ಸ್‌ಫರ್ಡ್‌ಶೈರ್‌ನ ಬ್ಯಾನ್‌ಬರಿ ಊರಿನಿಂದ ಹೊರಟರು. ದೋಣಿಯ ಹೆಸರು ಕ್ರೆಸ್ಸಿ.

ಸರಕಿನ ದೋಣಿ, ಅಂದರೆ ಬಾರ್ಜ್, ಎಂದಾಗ ನಮಗೆ ಶರಾವತಿ ಹಿನ್ನೀರಿನಲ್ಲಿ ಬಸ್ಸನ್ನೇ ಹೊತ್ತು ದಾಟಿಸುತ್ತಿದ್ದ ಸಿಗಂದೂರಿನ ಲಾಂಚ್ ನೆನಪಾಗಬಹುದು. ಅಗಲವಾದ ಚಪ್ಪಟೆ ತಳ, ಭಾರ ಹೊರುವುದೊಂದೇ ಕಸುಬು. ಕ್ರೆಸ್ಸಿಯ ಕಸುಬೂ ಅದೇ ಆಗಿತ್ತು. ಆದರೆ ಅದರ ಆಕಾರ ಮಾತ್ರ ಲೋಕದಲ್ಲಿ ಬೇರೆಲ್ಲೂ ಕಾಣಸಿಗದಂಥದ್ದು: ಉದ್ದ ಸುಮಾರು 70 ಅಡಿ, ಅಗಲ ಬರೀ 7 ಅಡಿ. ಇಂಗ್ಲೆಂಡಿನಲ್ಲಿ ಇಂಥ ದೋಣಿಗೆ ನ್ಯಾರೋಬೋಟ್ ಎಂದೇ ಹೆಸರು.

ಏಳು ಅಡಿಯ ಲೆಕ್ಕಾಚಾರ

ಈ ಅಗಲದ ಹಿಂದೆ ಹಣದ ಲೆಕ್ಕವಿದೆ. 1766ರಲ್ಲಿ ಟ್ರೆಂಟ್ ಆ್ಯಂಡ್ ಮರ್ಸಿ ಕಾಲುವೆಯ ಕೆಲಸ ಶುರುವಾದಾಗ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಅವರ ಮುಂದೆ ಇದ್ದದ್ದು ಗುಡ್ಡ ಮತ್ತು ನೀರಿನ ಸಮಸ್ಯೆ. ಕಾಲುವೆ ಏರು ಹತ್ತಬೇಕಾದಲ್ಲಿ ಲಾಕ್ ಬೇಕು. ಎರಡೂ ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ ಅದು. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ನೀರು ಬಿಟ್ಟರೆ ಕೆಳಗಿಳಿಯುತ್ತದೆ. ತೊಟ್ಟಿ ಅಗಲವಾದಷ್ಟೂ ಪ್ರತಿ ಸಲ ಖರ್ಚಾಗುವ ನೀರು ಹೆಚ್ಚು, ಕಲ್ಲು ಗಾರೆಯೂ ಹೆಚ್ಚು. ಗುಡ್ಡ ಕೊರೆಯುವ ಸುರಂಗವೂ ದೊಡ್ಡದಾಗಬೇಕು. ಬ್ರಿಂಡ್ಲಿ ಏಳಡಿಯ ಆಸುಪಾಸಿನಲ್ಲಿ ಗೆರೆ ಎಳೆದರು. ಅವರು 1772ರಲ್ಲಿ ತೀರಿಕೊಂಡರೂ ಆ ಗೆರೆ ಉಳಿಯಿತು. ಮಧ್ಯ ಇಂಗ್ಲೆಂಡಿನ ಕಾಲುವೆಗಳೂ ದೋಣಿಗಳೂ ಅದಕ್ಕೇ ಹೊಂದಿಕೊಂಡವು.

ಒಂದು ಕುದುರೆ ದಂಡೆಯ ಮೇಲೆ ಹಗ್ಗ ಎಳೆದುಕೊಂಡು ನಡೆದರೆ ಇಂಥ ದೋಣಿ 25ರಿಂದ 30 ಟನ್ ಕಲ್ಲಿದ್ದಲು ಸಾಗಿಸುತ್ತಿತ್ತು. ಆಮೇಲೆ ರೈಲು ಬಂತು. ದರ ಇಳಿಸದಿದ್ದರೆ ಸರಕಿಲ್ಲ ಎಂಬ ಸ್ಥಿತಿ ಬಂದಾಗ ದೋಣಿಯವರು ದಡದ ಮನೆ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ದೋಣಿ ಹತ್ತಿದರು. ಮನೆ ಬಾಡಿಗೆ ಉಳಿಯಿತು, ಆಳಿನ ಸಂಬಳವೂ ಉಳಿಯಿತು. ಇಡೀ ದೋಣಿ ಸರಕಿಗೆ. ಕುಟುಂಬಕ್ಕೆ ಸಿಕ್ಕದ್ದು ಹಿಂತುದಿಯಲ್ಲಿ ಹತ್ತಡಿ ಉದ್ದದ ಒಂದು ಗೂಡು. ಅದರಲ್ಲೇ ಕಲ್ಲಿದ್ದಲ ಒಲೆ. ಗೋಡೆಯ ಕಪಾಟಿನ ಬಾಗಿಲನ್ನು ಕೆಳಕ್ಕೆ ಮಡಚಿದರೆ ಊಟದ ಮೇಜು. ರಾತ್ರಿ ಅಡ್ಡಲಾಗಿ ಹಲಗೆ ಬಿಚ್ಚಿದರೆ ಹಾಸಿಗೆ. ಈ ಇಕ್ಕಟ್ಟಿನ ನಡುವೆಯೂ ಬಾಗಿಲು, ನೀರಿನ ಡಬ್ಬಿ, ಕುದುರೆಯ ಬಕೆಟ್ಟು ಎನ್ನದೆ ಎಲ್ಲದರ ಮೇಲೆ ಗುಲಾಬಿ ಹೂವು, ಕೋಟೆಗಳ ಚಿತ್ರ ಬಿಡಿಸುತ್ತಿದ್ದರು. ರೋಲ್ಟ್ ಅವರನ್ನು ಸೆಳೆದದ್ದು ಈ ಬದುಕು. ಅವರು ಅದನ್ನು ನೋಡುವ ಹೊತ್ತಿಗೆ ಅದು ಕೊನೆಯುಸಿರು ಎಳೆಯುತ್ತಿತ್ತು.

ಟೂಲಿಗಳ ಅಂಗಳ

ಕ್ರೆಸ್ಸಿ ಮರದ ದೋಣಿ. ಸರಕು ಸಾಗಣೆಯ ಕೆಲಸದಿಂದ ಬಿಡುಗಡೆ ಹೊಂದಿದ್ದ ಅದನ್ನು ರೋಲ್ಟ್ ಅವರ ಬಂಧು ಕರ್ಲ್ ವಿಲನ್ಸ್ ಕೊಂಡುಕೊಂಡಿದ್ದರು. ಅವರೂ ಎಂಜಿನಿಯರ್. ಪ್ರಯೋಗಕ್ಕೆಂದು ಅದರಲ್ಲಿ ಉಗಿ ಎಂಜಿನ್ ಕೂರಿಸಿದ್ದರು. ಆಮೇಲೆ ಅದನ್ನು ತೆಗೆದು ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ ಹಾಕಲಾಯಿತು. ಅವರಿಂದ ದೋಣಿಯನ್ನು ಪಡೆದ ರೋಲ್ಟ್ ಅದನ್ನು ಬ್ಯಾನ್‌ಬರಿಯ ಟೂಲಿ ಕುಟುಂಬದ ಅಂಗಳದಲ್ಲಿ ಮನೆಯಾಗಿ ಮಾರ್ಪಡಿಸಿದರು. ಸರಕು ತುಂಬುತ್ತಿದ್ದ ಜಾಗದಲ್ಲಿ ಕೋಣೆಗಳೆದ್ದವು. ಆ ಕಾಲದ ದೋಣಿಯವರು ಕೇಳಿಯೂ ಇರದ ಒಂದು ಐಷಾರಾಮ ಬೇರೆ: ಸ್ನಾನದ ತೊಟ್ಟಿ.

ಟೂಲಿಗಳದ್ದು ದೋಣಿ ಕಟ್ಟುವ, ರಿಪೇರಿ ಮಾಡುವ ಮನೆತನ. ಆ ಅಂಗಳ ಶುರುವಾದದ್ದು 1790ರಲ್ಲಿ. ಆಕ್ಸ್‌ಫರ್ಡ್ ಕಾಲುವೆ ಪೂರ್ಣಗೊಂಡದ್ದೂ ಅದೇ ವರ್ಷ. ಕುಲುಮೆ, ಬಡಗಿ ಕೆಲಸದ ಕೊಟ್ಟಿಗೆ, ಇವೆರಡರ ಜೊತೆಗೆ ಡ್ರೈ ಡಾಕ್. ಕಾಲುವೆಯ ಪಕ್ಕದಲ್ಲೇ ತೋಡಿದ ಈ ಹೊಂಡಕ್ಕೆ ನೀರು ಬಿಟ್ಟು ದೋಣಿಯನ್ನು ತೇಲಿಸಿ ತರುತ್ತಾರೆ, ಬಾಯಿ ಮುಚ್ಚಿ ನೀರು ಹರಿಸಿಬಿಡುತ್ತಾರೆ. ದೋಣಿ ದಿಮ್ಮಿಗಳ ಮೇಲೆ ಕೂರುತ್ತದೆ. ಆಗ ಮೊದಲ ಬಾರಿಗೆ ತಳ ಕಣ್ಣಿಗೆ ಬೀಳುತ್ತದೆ. ಮಾಲೀಕನ ಎದೆ ಹೊಡೆದುಕೊಳ್ಳುವುದೂ ಆಗಲೇ.

ಮರದ ದೋಣಿಯ ರೋಗ ಪತ್ತೆ ಮಾಡಲು ಒಂದು ಸುತ್ತಿಗೆ, ಒಂದು ಮೊನೆಯುಳಿ ಸಾಕು. ಗಟ್ಟಿ ಹಲಗೆ ಸುತ್ತಿಗೆಗೆ ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಉಳಿ ಚುಚ್ಚಿದರೆ ಎಷ್ಟು ಆಳ ಇಳಿಯಿತು ಎಂಬುದೇ ವರದಿ. ಕೆಟ್ಟ ಹಲಗೆ ಕಿತ್ತು ಹೊಸದು ಕೂರಿಸಬೇಕು. ಮಗ್ಗುಲಿಗೆ ಎರಡಿಂಚು ದಪ್ಪದ ಓಕ್, ತಳಕ್ಕೆ ಎಲ್ಮ್ ಮರ. ಎಲ್ಮ್ ಸದಾ ನೀರಲ್ಲಿ ಮುಳುಗಿದ್ದರೆ ಬಹುಕಾಲ ಬಾಳುತ್ತದೆ, ಒಮ್ಮೆ ಒಣಗಿ ಒಮ್ಮೆ ನೆನೆದರೆ ಕೆಡುತ್ತದೆ. ಹೀಗಾಗಿ ನೀರು ಬಿಟ್ಟು ಮೇಲೇಳದ ತಳಕ್ಕೆ ಅದೇ ಸರಿ.

ದೋಣಿಯ ಮೂತಿಯ ಬಳಿ ಹಲಗೆ ಬಾಗಬೇಕು. ಎರಡಿಂಚಿನ ಓಕ್ ಸುಮ್ಮನೆ ಬಾಗುತ್ತದೆಯೇ? ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ಉಗಿಯಲ್ಲಿ ಬೇಯಿಸಬೇಕು. ಇಂಚು ದಪ್ಪಕ್ಕೆ ಒಂದು ಗಂಟೆ ಎಂಬುದು ಕುಶಲಕರ್ಮಿಗಳ ಲೆಕ್ಕ. ಬೆಂದ ಹಲಗೆ ಪೆಟ್ಟಿಗೆಯಿಂದ ಹೊರಬಂದ ಮೇಲೆ ಸಮಯ ಕೆಲವೇ ನಿಮಿಷ. ಆರುವ ಮೊದಲೇ ಅದನ್ನು ಹೊತ್ತು ತಂದು, ಜಾಗಕ್ಕೆ ಒತ್ತಿ, ಕ್ಲ್ಯಾಂಪ್‌ಗಳನ್ನು ಬಿಗಿದು, ಮೊಳೆ ಹೊಡೆಯಬೇಕು. ಗಂಡ ಹೆಂಡತಿ ಇಬ್ಬರೇ ಎಷ್ಟು ಗಟ್ಟಿಗರಾದರೂ ಈ ಕೆಲಸ ಆಗುವುದಿಲ್ಲ. ಒಂದು ತುದಿಯಲ್ಲಿ ಇಬ್ಬರು, ಇನ್ನೊಂದು ತುದಿಯಲ್ಲಿ ಇಬ್ಬರು, ಬಿಗಿಯುವುದಕ್ಕೆ ಒಬ್ಬರು, ಎಲ್ಲರಿಗೂ ಕೂಗಿ ಹೇಳುವ ಅನುಭವಸ್ಥರೊಬ್ಬರು ಬೇಕು.

ಇನ್ನು ಸಂದುಗಳ ಕೆಲಸ. ಹಲಗೆ ಹಲಗೆಯ ನಡುವೆ ಡಾಂಬರೆಣ್ಣೆಯಲ್ಲಿ ನೆನೆಸಿದ ಹಗ್ಗದ ನಾರನ್ನು ಉಳಿಯಿಂದ ಬಡಿದು ತುಂಬಿ, ಮೇಲೆ ಕಾಯಿಸಿದ ಡಾಂಬರು ಎರೆಯುತ್ತಾರೆ. ಇಂಗ್ಲೆಂಡಿನ ಕಾಲುವೆಯವರು ಇದರ ಜೊತೆಗೆ ಚಾಲಿಕೊ ಎಂಬ ಲೇಪವನ್ನೂ ಬಳಸುತ್ತಿದ್ದರು. ಡಾಂಬರು, ದನದ ಕೂದಲು, ಕುದುರೆ ಲದ್ದಿ ಮೂರನ್ನೂ ಕುದಿಸಿ ಬಿಸಿಬಿಸಿಯಾಗಿ ಹಲಗೆಗೆ ಮೆತ್ತುವುದು. ಕೂದಲು ಲೇಪವನ್ನು ಹಿಡಿದಿಡುತ್ತದೆ, ಲದ್ದಿಯ ನಾರು ಬಿರುಕು ಬಿಡದಂತೆ ನೋಡಿಕೊಳ್ಳುತ್ತದೆ. ಸಗಣಿ ಸಾರಿಸಿದ ಅಂಗಳದಲ್ಲಿ ಆಡಿ ಬೆಳೆದವರಿಗೆ ಇದರ ಜಾಣತನ ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಆಗಿ ದೋಣಿ ನೀರಿಗಿಳಿದ ದಿನವೇ ಸೋರುತ್ತದೆ. ಹೆದರಬೇಕಿಲ್ಲ. ಡಾಕ್‌ನಲ್ಲಿ ಒಣಗಿದ ಹಲಗೆಗಳು ಕುಗ್ಗಿರುತ್ತವೆ. ನೀರು ಕುಡಿದು ಉಬ್ಬುವವರೆಗೆ ಸಂದುಗಳು ಬಾಯಿ ಬಿಟ್ಟುಕೊಂಡೇ ಇರುತ್ತವೆ. ಹಳಬರ ಉಪಾಯ ಸರಳ. ಸೋರುವ ಜಾಗದ ಕೆಳಗೆ ಹೊರಗಡೆಯಿಂದ ಮರದ ಹೊಟ್ಟನ್ನೋ ಬೂದಿಯನ್ನೋ ಬಿಡುತ್ತಾರೆ. ಒಳಗೆ ನುಗ್ಗುವ ನೀರೇ ಅದನ್ನು ಎಳೆದು ತಂದು ಸಂದಿನಲ್ಲಿ ಸಿಕ್ಕಿಸುತ್ತದೆ. ಅಷ್ಟು ದಿನ ರಾತ್ರಿಯೂ ಎದ್ದು ನೀರು ಹೊಡೆಯುವ ಪಾಳಿ ಯಾರಾದರೂ ಮಾಡಬೇಕು. ಸ್ನೇಹಿತರ ಪರೀಕ್ಷೆ ನಡೆಯುವುದು ಅಲ್ಲಿ.

ಪುಸ್ತಕದಿಂದ ಚಳವಳಿಗೆ

ಕ್ರೆಸ್ಸಿ ಹೊರಟು ಆರು ವಾರ ತುಂಬುವ ಮೊದಲೇ ಎರಡನೇ ಮಹಾಯುದ್ಧ ಶುರುವಾಯಿತು. ರೋಲ್ಟ್ ಕೆಲಕಾಲ ಕ್ರೂ ನಗರದ ರೋಲ್ಸ್ ರಾಯ್ಸ್ ಕಾರ್ಖಾನೆಯಲ್ಲಿ ದುಡಿದರು, ಆಮೇಲೆ ವಿಲ್ಟ್‌ಶೈರ್‌ನ ಎರಕದ ಮನೆಯೊಂದರಲ್ಲಿ ಕೆಲಸ ಸಿಕ್ಕಿತು. ಆ ಕಡೆ ಹೊರಟಾಗ ಕಾಲುವೆ ಹೆಪ್ಪುಗಟ್ಟಿ ದೋಣಿ ಬ್ಯಾನ್‌ಬರಿಯಲ್ಲೇ ಸಿಕ್ಕಿಬಿತ್ತು. ಮುಂದೆ ವೋರ್ಸ್ಟರ್–ಬರ್ಮಿಂಗ್‌ಹ್ಯಾಂ ಕಾಲುವೆಯ ಟಾರ್ಡೆಬಿಗ್‌ನಲ್ಲಿ ಕ್ರೆಸ್ಸಿ ವರ್ಷಗಟ್ಟಲೆ ಲಂಗರು ಹಾಕಿತು. ಸಾಲಾಗಿ 30 ಲಾಕ್‌ಗಳಿರುವ, ಬ್ರಿಟನ್ನಿನ ಅತಿ ಉದ್ದದ ಲಾಕ್ ಸರಣಿ ಇರುವುದು ಅಲ್ಲೇ.

ಮೊದಲ ಪ್ರಯಾಣದ ಬಗ್ಗೆ ರೋಲ್ಟ್ ಬರೆದಿಟ್ಟಿದ್ದನ್ನು ಪ್ರಕಾಶಕರು ಬೇಡವೆಂದಿದ್ದರು. ಗ್ರಾಮಜೀವನದ ಲೇಖಕ ಎಚ್. ಜೆ. ಮ್ಯಾಸಿಂಗ್‌ಹ್ಯಾಂ ಆಸಕ್ತಿ ವಹಿಸಿದ ಮೇಲೆ 1944ರ ಡಿಸೆಂಬರಿನಲ್ಲಿ ಅದು ‘ನ್ಯಾರೋ ಬೋಟ್’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಯುದ್ಧದಿಂದ ಬಸವಳಿದಿದ್ದ ಓದುಗರು ಮುಗಿಬಿದ್ದರು. ಪತ್ರ ಬರೆದವರಲ್ಲಿ ರಾಬರ್ಟ್ ಐಕ್‌ಮನ್, ಚಾರ್ಲ್ಸ್ ಹ್ಯಾಡ್‌ಫೀಲ್ಡ್ ಕೂಡ ಇದ್ದರು. ಐಕ್‌ಮನ್ ಪತ್ನಿಯೊಂದಿಗೆ ಟಾರ್ಡೆಬಿಗ್‌ಗೇ ಬಂದು ದೋಣಿಯಲ್ಲಿ ಕೂತು ಮಾತಾಡಿದರು. 1946ರಲ್ಲಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಹುಟ್ಟಿತು. ಐಕ್‌ಮನ್ ಅಧ್ಯಕ್ಷ, ರೋಲ್ಟ್ ಕಾರ್ಯದರ್ಶಿ. ಕಚೇರಿ ಎಂದರೆ ಕ್ರೆಸ್ಸಿಯ ಮೇಜೇ ಅನ್ನುವಂತಿತ್ತು.

ಕ್ರೆಸ್ಸಿಯನ್ನು ರೋಲ್ಟ್ ಹೋರಾಟಕ್ಕೂ ಬಳಸಿದರು. ಬರ್ಮಿಂಗ್‌ಹ್ಯಾಂ ಹತ್ತಿರದ ಕಿಂಗ್ಸ್ ನಾರ್ಟನ್‌ನಲ್ಲಿ ಸ್ಟ್ರಾಟ್‌ಫರ್ಡ್ ಕಾಲುವೆಯ ಮೇಲೆ ಲಿಫರ್ಡ್ ಲೇನ್ ಎಂಬಲ್ಲಿ ಎತ್ತುವ ಸೇತುವೆಯೊಂದಿತ್ತು. ಅದು ಕೆಟ್ಟಾಗ ಕಾಲುವೆಯ ಒಡೆತನ ಹೊಂದಿದ್ದ ಗ್ರೇಟ್ ವೆಸ್ಟರ್ನ್ ರೈಲ್ವೆ ಮೇಲೆತ್ತಲಾಗದ ಸೇತುವೆ ಹಾಕಿತ್ತು. ಅಲ್ಲಿಗೆ ದೋಣಿಗಳ ದಾರಿ ಬಂದ್. ಪ್ರಶ್ನೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಮುಂಚಿತವಾಗಿ ತಿಳಿಸಿದರೆ ಸೇತುವೆ ಎತ್ತಿಕೊಡುತ್ತೇವೆ ಎಂಬ ಉತ್ತರ ಬಂತು. ಉತ್ತರ ಸಿಕ್ಕಿದ್ದೇ ತಡ, ರೋಲ್ಟ್ ‘ಬರುತ್ತಿದ್ದೇನೆ’ ಎಂದು ನೋಟಿಸು ಕಳಿಸಿದರು. 1947ರ ಮೇ ತಿಂಗಳಿನಲ್ಲಿ ರೈಲ್ವೆ ಕೆಲಸಗಾರರು ಜಾಕ್ ಇಟ್ಟು ಸೇತುವೆ ಎತ್ತಿದರು, ಹೂಳು ತುಂಬಿದ ಕಾಲುವೆಯಲ್ಲಿ ತೆವಳುತ್ತ ಕ್ರೆಸ್ಸಿ ದಾಟಿತು. ಒಬ್ಬ ದೋಣಿಗಾರನೂ ಬಾರದಿದ್ದರೆ ಕಾಲುವೆ ಸತ್ತಿದೆ ಎಂದು ಮುಚ್ಚುವುದು ಸುಲಭ. ಒಬ್ಬನಾದರೂ ಹಕ್ಕು ಚಲಾಯಿಸಿದರೆ ಮುಚ್ಚುವುದು ಕಷ್ಟ. ಈ ಪಾಠವನ್ನು ಮುಂದೆ ನೂರಾರು ದೋಣಿಗಾರರು ಕಲಿತರು.

ಮುಳುಗಿಸಿದವರು, ಎತ್ತಿದವರು

1948ರಲ್ಲಿ ಕಾಲುವೆಗಳು ರಾಷ್ಟ್ರೀಕರಣಗೊಂಡವು. ಲಾರಿಗಳ ಪೈಪೋಟಿಗೆ ಸರಕು ಸಾಗಣೆ ಕುಸಿಯುತ್ತಲೇ ಇತ್ತು. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ ಉಳಿದ ಗಿರಾಕಿಗಳೂ ಕೈಬಿಟ್ಟರು. ಬೇಡವಾದ ದೋಣಿಗಳಿಗೆ ಗತಿ ಕಾಣಿಸಿದ್ದು ಹೇಗೆ ಎಂದರೆ, ಲಂಡನ್ನಿನ ಪಶ್ಚಿಮದ ಹೇರ್‌ಫೀಲ್ಡ್‌ನಂಥ ಕಡೆ ಜಲ್ಲಿ ತೆಗೆದು ನೀರು ತುಂಬಿದ್ದ ಹೊಂಡಗಳಿಗೆ ಒಯ್ದು ಮುಳುಗಿಸಿಬಿಟ್ಟರು.

ಆದರೆ ಅದೇ ಹೊತ್ತಿಗೆ ಒಂದಷ್ಟು ಜನ, ಅವರಲ್ಲಿ ಬಹಳಷ್ಟು ಯುವ ದಂಪತಿಗಳು, ಕವಡೆ ಕಾಸಿಗೆ ಸಿಗುತ್ತಿದ್ದ ಈ ದೋಣಿಗಳನ್ನು ಕೊಳ್ಳತೊಡಗಿದರು. 1966ರಲ್ಲಿ ಹಳೆಯ ದೋಣಿಗಳ ಮಾಲೀಕರ ಸಂಘವೂ ಹುಟ್ಟಿತು. ಕಾಲುವೆಗಳ ಪುನರುಜ್ಜೀವನವೂ ಇದೇ ದಾರಿ ಹಿಡಿಯಿತು. ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣ ಭಾಗ, ಸುಮಾರು 13 ಮೈಲಿ, ಹೂಳು ತುಂಬಿ ಮುಚ್ಚಿಹೋಗಿತ್ತು. ಡೇವಿಡ್ ಹಚಿಂಗ್ಸ್ ಅವರ ಮುಂದಾಳತ್ವದಲ್ಲಿ ಸ್ವಯಂಸೇವಕರು, ಸೈನಿಕರು, ಜೈಲಿನ ಕೈದಿಗಳು ಕೂಡ ಗುದ್ದಲಿ ಹಿಡಿದು ಅದನ್ನು ತೆರೆದರು. 1964ರ ಜುಲೈನಲ್ಲಿ ರಾಜಮಾತೆ ಎಲಿಜಬೆತ್ ಬಂದು ಉದ್ಘಾಟಿಸಿದರು. ವಾರಾಂತ್ಯದಲ್ಲಿ ಕೆಸರಿಗಿಳಿಯುವ ಅದೇ ಹವ್ಯಾಸಿಗಳು 1970ರಲ್ಲಿ ವಾಟರ್‌ವೇ ರಿಕವರಿ ಗ್ರೂಪ್ ಆಗಿ ಸಂಘಟಿತರಾದರು. ಅವರ ಶಿಬಿರಗಳು ಈಗಲೂ ನಡೆಯುತ್ತವೆ.

ಇವತ್ತು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಲ್ಲಿ ರಚನೆಯಾದ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಈ ಜಲಮಾರ್ಗಗಳ ಮೇಲೆ ಮೂವತ್ತು ಸಾವಿರಕ್ಕೂ ಹೆಚ್ಚು ದೋಣಿಗಳಿವೆ. ಸರಕು ಸಾಗಣೆ ಉಚ್ಛ್ರಾಯದಲ್ಲಿದ್ದಾಗಲೂ ಇಷ್ಟು ದೋಣಿಗಳಿರಲಿಲ್ಲ.

ತುಕ್ಕಿನ ಜೊತೆ ಸಂಧಾನ

ಈಗ ಹಳೆಯ ದೋಣಿ ಕೊಳ್ಳುವವರ ಪಾಲಿಗೆ ಬರುವುದು ಹೆಚ್ಚಾಗಿ ಕಬ್ಬಿಣ ಅಥವಾ ಉಕ್ಕಿನದು. ಮರದ ದೋಣಿ ಉಳಿಸಹೊರಟವರಿಗೆ ಮರವೇ ಸಿಗುವುದಿಲ್ಲ: 1960ರ ದಶಕದ ಕೊನೆಗೆ ಹಬ್ಬಿದ ಡಚ್ ಎಲ್ಮ್ ರೋಗಕ್ಕೆ ಬ್ರಿಟನ್ನಿನ ಎಲ್ಮ್ ಮರಗಳು ಕೋಟಿಗಟ್ಟಲೆ ಸತ್ತುಹೋದವು.

ಉಕ್ಕಿನ ದೋಣಿಯನ್ನು ನೀರಿಂದ ಎತ್ತಿಸಿ, ಅಲ್ಟ್ರಾಸೌಂಡ್ ಉಪಕರಣ ಹಿಡಿದು ಇಂಚಿಂಚೂ ತಗಡಿನ ದಪ್ಪ ಅಳೆಸುವುದು ಮೊದಲ ಕೆಲಸ. ಇವತ್ತಿನ ಹೊಸ ನ್ಯಾರೋಬೋಟ್‌ಗೆ ಸಾಮಾನ್ಯವಾಗಿ ತಳಕ್ಕೆ 10 ಮಿಲಿಮೀಟರ್, ಮಗ್ಗುಲಿಗೆ 6, ಚಾವಣಿಗೆ 4 ಮಿಲಿಮೀಟರ್ ಉಕ್ಕು ಬಳಸುತ್ತಾರೆ. ತಳ 4 ಮಿಲಿಮೀಟರಿಗಿಂತ ತೆಳ್ಳಗಾಗಿದ್ದರೆ ವಿಮಾ ಕಂಪನಿಗಳು ಮುಖ ತಿರುಗಿಸುತ್ತವೆ. ಆಗ ಹಳೆಯ ತಗಡಿನ ಮೇಲೆ ಹೊಸ ತಗಡು ಬೆಸೆಯಬೇಕು. ದುಬಾರಿ ಕೆಲಸ, ದೋಣಿಯ ತೂಕವೂ ಹೆಚ್ಚುತ್ತದೆ. ರಿವೆಟ್ ಹೊಡೆದ ಹಳೆಯ ಕಬ್ಬಿಣವಾದರೆ ಅದರ ಸ್ವಭಾವ ಬಲ್ಲ ಬೆಸುಗೆಗಾರನೇ ಬೇಕು.

ತುಕ್ಕು ತಡೆಯಲು ಎರಡು ಮೂರು ವರ್ಷಕ್ಕೊಮ್ಮೆ ತಳವನ್ನು ಉಜ್ಜಿ ತೊಳೆದು ಕಪ್ಪು ಬಿಟುಮಿನ್ ಬಳಿಯುತ್ತಾರೆ. ಜೊತೆಗೆ ತಳಕ್ಕೆ ಮೆಗ್ನೀಸಿಯಂ ಗಟ್ಟಿಗಳನ್ನು ಬೆಸೆಯುತ್ತಾರೆ. ಎರಡು ಲೋಹಗಳು ನೀರಿನಲ್ಲಿ ಸಂಪರ್ಕಕ್ಕೆ ಬಂದರೆ ಹೆಚ್ಚು ಕ್ರಿಯಾಶೀಲವಾದದ್ದು ಮೊದಲು ಸವೆಯುತ್ತದೆ. ಉಕ್ಕಿನ ಬದಲಿಗೆ ಮೆಗ್ನೀಸಿಯಂ ಸವೆಯಲಿ ಎಂಬ ಉಪಾಯ. ದಡದಿಂದ ವಿದ್ಯುತ್ ತಂತಿ ಎಳೆದುಕೊಂಡ ದೋಣಿಗಳಲ್ಲಿ ಈ ಸವೆತ ಇನ್ನೂ ಜೋರು. ಅರ್ಥಿಂಗ್ ತಂತಿಯ ಮೂಲಕ ಅಕ್ಕಪಕ್ಕದ ದೋಣಿಗಳೆಲ್ಲ ಒಂದೇ ಬ್ಯಾಟರಿಯ ಭಾಗಗಳಾಗಿಬಿಡುತ್ತವೆ, ನಿಮ್ಮ ತಗಡು ಪಕ್ಕದವರ ದೋಣಿಗಾಗಿ ಕರಗುತ್ತದೆ. ಅದನ್ನು ತಡೆಯಲು ಗ್ಯಾಲ್ವನಿಕ್ ಐಸೊಲೇಟರ್ ಎಂಬ ಸಣ್ಣ ಪೆಟ್ಟಿಗೆ ಹಾಕಿಸಬೇಕು.

ಮನೆ ಕಟ್ಟಿದವರಿಗೂ ಹೊಳೆಯದ ಒಂದು ಸಂಗತಿ ತೂಕ. 25 ಟನ್ ಹೊರಲೆಂದು ಕಟ್ಟಿದ ದೋಣಿಯಲ್ಲಿ ಮಂಚ, ಒಲೆ, ಪುಸ್ತಕ ಇಟ್ಟರೆ ಅದಕ್ಕೆ ಏನೂ ಅಲ್ಲ. ಅದು ನೀರಿನ ಮೇಲೆ ಎತ್ತರಕ್ಕೆ ತೇಲುತ್ತ ತುಯ್ಯುತ್ತದೆ, ಪ್ರೊಪೆಲ್ಲರ್ ಅರ್ಧ ಗಾಳಿಯಲ್ಲಿ ತಿರುಗುತ್ತದೆ, ಚಾವಣಿ ಸೇತುವೆಗೆ ತಾಗುತ್ತದೆ. ಹೀಗಾಗಿ ನೆಲಹಾಸಿನ ಕೆಳಗೆ ಕಾಂಕ್ರೀಟ್ ಹಲಗೆಯನ್ನೋ ಇಟ್ಟಿಗೆಯನ್ನೋ ಸಾಲಾಗಿ ಜೋಡಿಸುತ್ತಾರೆ. ಒಲೆ, ಬ್ಯಾಟರಿ, ಫ್ರಿಜ್ ಎಲ್ಲ ಒಂದೇ ಬದಿಗೆ ಬಂದರೆ ದೋಣಿ ಆ ಕಡೆಗೆ ವಾಲುತ್ತದೆ; ಆಗ ಇನ್ನೊಂದು ಬದಿಯ ನೆಲ ಬಿಚ್ಚಿ ಇಟ್ಟಿಗೆ ಸೇರಿಸಬೇಕು. ನೀರಿನ ಟ್ಯಾಂಕು ಮೂತಿಯಲ್ಲಿದ್ದರೆ ಅದು ಖಾಲಿಯಾಗುತ್ತ ಬಂದಂತೆ ಮೂತಿ ಮೇಲೇಳುತ್ತದೆ. ಒಳಗಿನ ಬಡಗಿ ಕೆಲಸ ಶುರು ಮಾಡುವ ಮೊದಲೇ ಕಾಗದದ ಮೇಲೆ ತೂಕ ಹಂಚಿ ನೋಡಿದವರು ಜಾಣರು.

ಪ್ರೊಪೆಲ್ಲರ್ ದಂಡ ತಳದಿಂದ ಹೊರಹೋಗುವ ಜಾಗಕ್ಕೆ ಸ್ಟರ್ನ್ ಗ್ಲ್ಯಾಂಡ್ ಎನ್ನುತ್ತಾರೆ. ಗ್ರೀಸ್ ಮೆತ್ತಿದ ಹಗ್ಗದಂಥ ಸುರುಳಿಗಳನ್ನು ದಂಡದ ಸುತ್ತ ಬಿಗಿದಿರುತ್ತಾರೆ. ತೀರಾ ಬಿಗಿದರೆ ದಂಡ ಕಾಯುತ್ತದೆ, ಸಡಿಲ ಬಿಟ್ಟರೆ ನೀರು ತುಂಬುತ್ತದೆ. ಎಂಜಿನ್ ಓಡುವಾಗ ಆಗೊಂದು ಈಗೊಂದು ಹನಿ ಬೀಳಬೇಕು, ನಿಲ್ಲಿಸಿದಾಗ ನಿಲ್ಲಬೇಕು. ಸಂಜೆ ದೋಣಿ ಕಟ್ಟಿದ ಮೇಲೆ ಹಿತ್ತಾಳೆಯ ಗ್ರೀಸರ್‌ನ ಹಿಡಿಯನ್ನು ಒಂದು ಸುತ್ತು ತಿರುಗಿಸುವುದು ಪ್ರತಿದಿನದ ಕರ್ಮ. ಇದನ್ನು ಮರೆತು ಬ್ಯಾಟರಿ ಸತ್ತು, ಪಂಪು ನಿಂತು, ಕಟ್ಟಿದಲ್ಲೇ ಮುಳುಗಿದ ದೋಣಿಗಳಿವೆ.

ಯಾರು ಏನು ಮಾಡಬೇಕು

ಸ್ನೇಹಿತರನ್ನು ಕರೆಯುವುದಕ್ಕೂ ವಿವೇಕ ಬೇಕು. ತುಕ್ಕು ಕೆರೆಯುವುದು, ಬಿಟುಮಿನ್ ಬಳಿಯುವುದು, ಹಳೆಯ ನೆಲ ಕೀಳುವುದು, ಇಟ್ಟಿಗೆ ಹೊರುವುದು, ಸಾಮಾನು ಸಾಗಿಸುವುದು, ಎಲ್ಲರಿಗೂ ಅಡುಗೆ ಮಾಡುವುದು: ಇವು ಉತ್ಸಾಹ ಇರುವ ಯಾರಾದರೂ ಮಾಡಬಲ್ಲ ಕೆಲಸ. ತಳದ ಬೆಸುಗೆ, ಗ್ಯಾಸ್ ಪೈಪು, ವಿದ್ಯುತ್, ಕಲ್ಲಿದ್ದಲ ಒಲೆಯ ಹೊಗೆಕೊಳವೆ: ಇವು ಬಲ್ಲವರಿಗೇ ಸೇರಿದ್ದು. ಮುಚ್ಚಿದ ಉಕ್ಕಿನ ಗೂಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯನ್ನೂ ಕೊಡದೆ ಕೊಲ್ಲುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಮಾಡಿಸಬೇಕಾದ ಸುರಕ್ಷತಾ ತಪಾಸಣೆಯ ಪ್ರಮಾಣಪತ್ರವಿಲ್ಲದೆ ದೋಣಿಗೆ ಪರವಾನಗಿ ಸಿಗದಿರುವುದು ಸುಮ್ಮನೆ ಅಲ್ಲ.

ಸ್ನೇಹಿತರಿಗೆ ಬಿಟ್ಟುಕೊಡಬಾರದ ಇನ್ನೊಂದು ವಿಷಯವೆಂದರೆ ತೀರ್ಮಾನ. 70 ಅಡಿಯ ಹಳೆಯ ದೋಣಿಯನ್ನು ಕತ್ತರಿಸಿ ಗಿಡ್ಡ ಮಾಡಬೇಕೇ? ಉತ್ತರದ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಲಾಕ್‌ಗಳಲ್ಲಿ ಸುಮಾರು 60 ಅಡಿಗಿಂತ ಉದ್ದದ್ದು ಹಿಡಿಸುವುದಿಲ್ಲ, ಕತ್ತರಿಸಿದರೆ ಎಲ್ಲಿ ಬೇಕಾದರೂ ಹೋಗಬಹುದು. ಕತ್ತರಿಸಿದರೆ ಇತಿಹಾಸಕ್ಕೇ ಕತ್ತರಿ ಎನ್ನುವವರೂ ಇದ್ದಾರೆ. ಬೊಲಿಂಡರ್‌ನಂಥ ಹಳೆಯ ಎಂಜಿನ್ ಉಳಿಸಿಕೊಂಡರೆ ಪ್ರತಿ ಸಲ ಬ್ಲೋಲ್ಯಾಂಪ್ ಉರಿಸಿ ಅದರ ತಲೆ ಕಾಯಿಸಿ ಚಾಲೂ ಮಾಡಬೇಕು. ಹೊಸ ಡೀಸೆಲ್ ಹಾಕಿದರೆ ಗುಂಡಿ ಒತ್ತಿದರೆ ಸಾಕು, ಆದರೆ ಹಳೆಯ ಸದ್ದು ಹೋಯಿತು. ಸ್ನೇಹಿತರಿಗೆ ಇವೆಲ್ಲದರ ಬಗ್ಗೆಯೂ ಅಭಿಪ್ರಾಯವಿರುತ್ತದೆ. ದೋಣಿಯಲ್ಲಿ ಮಲಗುವವರು ಇಬ್ಬರೇ. ತೀರ್ಮಾನವೂ ಅವರದ್ದೇ ಆಗಬೇಕು.

ಕೆಲಸ ಮುಗಿದ ಮೇಲಿನ ಬದುಕಿಗೂ ಸಿದ್ಧತೆ ಬೇಕು. ದೋಣಿ ಕಟ್ಟಲು ಕಾಯಂ ಜಾಗ ಇಲ್ಲದವರು ಒಂದೆಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎನ್ನುತ್ತದೆ 1995ರ ಕಾಯ್ದೆ. ಶೌಚದ ತೊಟ್ಟಿ ಖಾಲಿ ಮಾಡುವುದು, ಕುಡಿಯುವ ನೀರು ತುಂಬುವುದು, ಕಲ್ಲಿದ್ದಲು ಹೊರುವುದು, ಚಳಿಗಾಲದಲ್ಲಿ ಕಿಟಕಿಯ ಒಳಗೆ ಇಳಿಯುವ ನೀರು ಒರೆಸುವುದು ನಿತ್ಯದ ಕೆಲಸ. ಏಳಡಿ ಅಗಲದಲ್ಲಿ ಜಗಳವಾದರೆ ಎದ್ದುಹೋಗಲು ಇನ್ನೊಂದು ಕೋಣೆಯೂ ಇರುವುದಿಲ್ಲ.

ರೋಲ್ಟ್ ದಂಪತಿಯ ಕಥೆಯೂ ಸುಖಾಂತವಲ್ಲ. ಎಲ್ಲ ಕಾಲುವೆಗಳನ್ನೂ ಉಳಿಸಬೇಕು ಎಂಬುದು ಐಕ್‌ಮನ್ ಹಟ; ದೋಣಿಯವರ ಬದುಕು ಇನ್ನೂ ಉಳಿದಿರುವ ಕಾಲುವೆಗಳಿಗೆ ಮೊದಲ ಆದ್ಯತೆ ಎಂಬುದು ರೋಲ್ಟ್ ವಾದ. 1951ರಲ್ಲಿ, ತಾವೇ ಕಟ್ಟಿದ ಸಂಘದಿಂದ ರೋಲ್ಟ್ ಹೊರಬಿದ್ದರು. ಅದೇ ವರ್ಷ ಏಂಜೆಲಾ ಅವರನ್ನು ಬಿಟ್ಟು ಸರ್ಕಸ್ ಕಂಪನಿ ಸೇರಿದರು. ಕ್ರೆಸ್ಸಿಯ ಒಡಲು ಕೊಳೆತು ದುರಸ್ತಿಗೂ ಸಿಗದಂತಾಯಿತು. ಆ ದೋಣಿ ಈಗ ಇಲ್ಲ. ಆಮೇಲೆ ರೋಲ್ಟ್ ಅವರ ಬಾಳಸಂಗಾತಿಯಾದವರು ಯುದ್ಧಕಾಲದಲ್ಲಿ ಸರಕಿನ ದೋಣಿ ನಡೆಸಿದ್ದ ಸೋನಿಯಾ. ವೇಲ್ಸ್‌ನ ಟಾಲಿಲ್ಲಿನ್ ಕಿರುರೈಲನ್ನು ಸ್ವಯಂಸೇವಕರಿಂದಲೇ ಓಡಿಸುವ ಪ್ರಯತ್ನಕ್ಕೂ ರೋಲ್ಟ್ ಮುಂದಾಳಾದರು. ಹವ್ಯಾಸಿಗಳು ಉಳಿಸಿ ಓಡಿಸಿದ ಲೋಕದ ಮೊದಲ ರೈಲು ಅದು. ರೋಲ್ಟ್ 1974ರಲ್ಲಿ ತೀರಿಕೊಂಡರು.

ಟೂಲಿಗಳ ಅಂಗಳ ಮಾತ್ರ ಇದೆ. ಬ್ಯಾನ್‌ಬರಿಯಲ್ಲಿ ಅದರ ಸುತ್ತಲೂ ಕ್ಯಾಸಲ್ ಕೀ ಎಂಬ ಶಾಪಿಂಗ್ ಮಾಲ್ ಎದ್ದಿದೆ. ನಡುವೆ ಕುಲುಮೆಯೂ ಡ್ರೈ ಡಾಕೂ ಉಳಿದಿವೆ. ಲಂಡನ್ನಿನ ಮೇರಿಲಬೋನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೋಗುವ ಕನ್ನಡಿಗರು ಅರಮನೆ, ಗಡಿಯಾರದ ಗೋಪುರದ ಜೊತೆಗೆ ಇದನ್ನೂ ನೋಡಿ ಬರಬಹುದು. ಅಲ್ಲೇ ನೆಲೆಸಿ ಹಳೆಯ ದೋಣಿ ಕೊಳ್ಳುವ ಆಸೆ ಇಟ್ಟುಕೊಂಡವರಿಗೆ ಮೂರು ಮಾತು. ಮೊದಲು ಒಂದು ವಾರ ಬಾಡಿಗೆ ದೋಣಿಯಲ್ಲಿ, ಸಾಧ್ಯವಾದರೆ ಚಳಿಗಾಲದಲ್ಲಿ, ಇದ್ದು ನೋಡಿ. ಹಣ ಪೂರ್ತಿ ಕೊಡುವ ಮೊದಲು ದೋಣಿಯನ್ನು ನೀರಿಂದ ಎತ್ತಿಸಿ, ನೀವೇ ನೇಮಿಸಿದ ಸರ್ವೇಯರ್‌ನಿಂದ ತಳ ಪರೀಕ್ಷೆ ಮಾಡಿಸಿ. ಕೊನೆಯದಾಗಿ, ಮಳೆ ಸುರಿಯುವ ಭಾನುವಾರ ತುಕ್ಕು ಕೆರೆಯಲು ಕರೆದರೆ ಬರುವವರು ನಿಮಗೆ ಎಷ್ಟು ಜನರಿದ್ದಾರೆ ಎಂದು ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ನಾಲ್ಕು ಹೆಸರಾದರೂ ಇಲ್ಲದಿದ್ದರೆ ಹಳೆಯ ದೋಣಿಯ ಗೊಡವೆಗೆ ಹೋಗಬೇಡಿ.